ನಿಲ್ಲುವ ಮುಂಚಿನ ಅವಸರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಾಲ್ಕು ಹೆಂಗಸರು ಕೂತು ಅಡಿಕೆ ಸುಲಿಯುವಲ್ಲಿ ಈ ಮಾತು ಬಾರದೆ ಇರುವುದಿಲ್ಲ: ‘ಹೋದ ತಿಂಗ್ಳು ಎರಡು ಸಲ ಆಯ್ತು ಮಾರಾಯ್ತಿ, ಈ ತಿಂಗ್ಳು ಇನ್ನೂ ಪತ್ತೆಯೇ ಇಲ್ಲ.’ ಹೇಳಿದವರಿಗೆ ನಲವತ್ತೈದರ ಆಸುಪಾಸು ವಯಸ್ಸಾಗಿದ್ದರೆ ಉತ್ತರವೂ ಸಿದ್ಧವಾಗಿರುತ್ತದೆ: ‘ನಿಲ್ಲೋ ಕಾಲ ಬಂತು, ಹಂಗೇ ಆಗೋದು.’

ಉತ್ತರ ಸರಿಯೇ. ಆದರೆ ಅದರೊಳಗೊಂದು ಒಗಟಿದೆ. ನಿಲ್ಲುವಂಥದ್ದು ಕಡಿಮೆಯಾಗುತ್ತ ಆಗುತ್ತ ನಿಲ್ಲಬೇಕಲ್ಲ? ಅಂಡಾಶಯದ ಸರಕು ಮುಗಿಯುತ್ತ ಬಂದರೆ ಮುಟ್ಟು ದೂರ ದೂರವಾಗಬೇಕು, ಸ್ರಾವ ತೆಳುವಾಗಬೇಕು. ಬಹಳ ಹೆಂಗಸರಲ್ಲಿ ಆಗುವುದು ಉಲ್ಟಾ. ಮೊದಲು ಮುಟ್ಟು ಹತ್ತಿರ ಹತ್ತಿರ ಬರುತ್ತದೆ. ಬಂದದ್ದು ಹಿಂದೆಂದೂ ಕಾಣದಷ್ಟು ಹೋಗುತ್ತದೆ. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಹದಿನೆಂಟೇ ದಿನಕ್ಕೆ ಮತ್ತೆ ಹಾಜರು. ಮುಗಿಯುವ ಕೆಲಸಕ್ಕೆ ಇಷ್ಟೊಂದು ಅವಸರ, ಇಷ್ಟೊಂದು ಗಲಾಟೆ ಯಾಕೆ?

ಗೋಡೆಯ ಕ್ಯಾಲೆಂಡರು

ಮುಟ್ಟು ನಿಲ್ಲುವ ಮುಂಚಿನ ಈ ಕೆಲವು ವರ್ಷಗಳಿಗೆ ವೈದ್ಯರು ಪೆರಿಮೆನೋಪಾಸ್ ಎನ್ನುತ್ತಾರೆ. ನಾವು ಸಂಧಿಕಾಲ ಎನ್ನೋಣ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಹತ್ತಿರ. ಪಶ್ಚಿಮದ ದೇಶಗಳಲ್ಲಿ ಅದು 51ರ ಸುಮಾರು. ಸಂಧಿಕಾಲ ಅದಕ್ಕೆ ಕೆಲವು ವರ್ಷ ಮುಂಚೆಯೇ ಶುರುವಾಗುವುದರಿಂದ ನಮ್ಮಲ್ಲಿ ನಲವತ್ತೆರಡಕ್ಕೇ ಲೆಕ್ಕ ತಪ್ಪತೊಡಗಿದರೆ ಅದು ಅಕಾಲವೇನೂ ಅಲ್ಲ.

ಲೆಕ್ಕ ಹೇಗೆ ತಪ್ಪುತ್ತದೆ ಎಂಬುದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಬರೆದಿಟ್ಟವರು ಅಮೆರಿಕದ ಕಾಲೇಜು ಹುಡುಗಿಯರು. ಮಿನೆಸೊಟಾ ವಿಶ್ವವಿದ್ಯಾಲಯದ ಅಲನ್ ಟ್ರೆಲೋರ್ 1934ರಲ್ಲಿ ವಿದ್ಯಾರ್ಥಿನಿಯರ ಕೈಗೆ ಕಾರ್ಡು ಕೊಟ್ಟು, ಮುಟ್ಟಿನ ದಿನಗಳನ್ನು ಗುರುತು ಹಾಕುತ್ತ ಹೋಗಿ ಎಂದರು. ಅವರು ಓದು ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಹೆತ್ತು, ನಡುವಯಸ್ಸು ತಲುಪುವವರೆಗೂ ಗುರುತು ಹಾಕಿದರು. 1967ರಲ್ಲಿ 2,700ಕ್ಕೂ ಹೆಚ್ಚು ಮಹಿಳೆಯರ ಲೆಕ್ಕ ಅಚ್ಚಾದಾಗ ಎರಡು ಸಂಗತಿ ಎದ್ದು ಕಂಡವು. ಪಠ್ಯಪುಸ್ತಕದ 28 ದಿನಗಳ ಚಕ್ರ ಬರಿಯ ಸರಾಸರಿ, ಯಾರ ಸ್ವತ್ತೂ ಅಲ್ಲ. ಮತ್ತೆ, ಚಕ್ರ ಅತಿ ಹೆಚ್ಚು ಏರುಪೇರಾಗುವುದು ಬದುಕಿನ ಎರಡು ಹೊತ್ತಿನಲ್ಲಿ: ಮೈನೆರೆದ ಹೊಸದರಲ್ಲಿ ಮತ್ತು ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ.

ಈಗ ವೈದ್ಯರು ಬಳಸುವ ಅಳತೆಗೋಲೂ ಕ್ಯಾಲೆಂಡರನ್ನೇ ನಂಬಿದೆ. 2001ರಲ್ಲಿ ತಜ್ಞರ ಗುಂಪೊಂದು ಮಾಡಿ 2011ರಲ್ಲಿ ತಿದ್ದಿದ ವರ್ಗೀಕರಣದ ಪ್ರಕಾರ, ಒಂದು ಚಕ್ರಕ್ಕೂ ಅದರ ಮುಂದಿನ ಚಕ್ರಕ್ಕೂ ಏಳು ದಿನ ಅಥವಾ ಹೆಚ್ಚಿನ ವ್ಯತ್ಯಾಸ ಬರತೊಡಗಿ, ಅದು ಮರುಕಳಿಸುತ್ತಿದ್ದರೆ ಸಂಧಿಕಾಲದ ಮೊದಲ ಹಂತ. 60 ದಿನ ಅಥವಾ ಅದಕ್ಕೂ ಹೆಚ್ಚು ಮುಟ್ಟು ಕಾಣದಿದ್ದರೆ ಎರಡನೆಯ ಹಂತ; ಅಲ್ಲಿಂದ ಪೂರ್ತಿ ನಿಲ್ಲಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು ಬಂದವರ ಹತ್ತಿರ, ಬಹಳ ಸಲ, ಪ್ರಯೋಗಾಲಯದ ವರದಿಗಿಂತ ಒಳ್ಳೆಯ ದಾಖಲೆ ಇರುತ್ತದೆ.

ಹುಟ್ಟುವ ಮೊದಲೇ ಕರಗುವ ಗಂಟು

ಅಂಡಾಶಯದಲ್ಲಿ ಅಂಡ ದಿನದಿನವೂ ತಯಾರಾಗುವುದಿಲ್ಲ. ಪ್ರತಿಯೊಂದು ಅಂಡವೂ ಒಂದೊಂದು ಪುಟ್ಟ ಚೀಲದಲ್ಲಿ, ಅಂದರೆ ಅಂಡಗುಳ್ಳೆಯಲ್ಲಿ, ಹೆಣ್ಣು ಹುಟ್ಟುವ ಮೊದಲೇ ಕೂತಿರುತ್ತದೆ. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಾಗಿರುವ ಹೆಣ್ಣುಭ್ರೂಣದಲ್ಲಿ ಇವು 60–70 ಲಕ್ಷ. ಹುಟ್ಟುವಾಗ ಉಳಿದಿರುವುದು 10–20 ಲಕ್ಷ. ಮೈನೆರೆಯುವ ಹೊತ್ತಿಗೆ 3–4 ಲಕ್ಷ. ಮುಟ್ಟು ನಿಲ್ಲುವಾಗ ಸುಮಾರು ಒಂದು ಸಾವಿರ. ಇಡೀ ಜೀವಮಾನದಲ್ಲಿ ಅಂಡವಾಗಿ ಹೊರಬೀಳುವುದು ನಾನೂರು, ಐನೂರು ಅಷ್ಟೇ. ಮಿಕ್ಕವೆಲ್ಲ ಒಳಗೇ ಸೊರಗಿ ಮಾಯ. ಹತ್ತು ಮಕ್ಕಳನ್ನು ಹೆತ್ತ ಅಜ್ಜಿಗೂ ಒಂದೇ ಮಗುವಿನ ಮೊಮ್ಮಗಳಿಗೂ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಭಾರಿ ಅಂತರ ಇಲ್ಲದಿರುವುದಕ್ಕೆ ಇದೇ ಕಾರಣ. ಬಸುರಿನಲ್ಲಿ ಉಳಿದ ಅಂಡಗಳ ಸಂಖ್ಯೆ, ತನ್ನಷ್ಟಕ್ಕೆ ಕರಗುವ ರಾಶಿಯ ಮುಂದೆ ಲೆಕ್ಕಕ್ಕೇ ಬಾರದು. ಬೀಡಿ ಸಿಗರೇಟಿನ ಹೊಗೆ ಮಾತ್ರ ಈ ಗಂಟನ್ನು ಬೇಗ ಕರಗಿಸುತ್ತದೆ.

ಗಂಟು ಕರಗಿದ್ದು ಸರಿ. ಕರಗಿದ ಮಾತ್ರಕ್ಕೆ ಮುಟ್ಟು ಬೇಗ ಬೇಗ ಯಾಕೆ ಬರಬೇಕು?

ಲೈನಿನ ಮುಂದೆ ರೈಟರ ಕೂಗು

ಬಾಳೆಹೊನ್ನೂರು, ಜಯಪುರದ ಸುತ್ತ ಕಾಫಿ ತೋಟ ನೋಡಿದವರಿಗೆ ಇದು ಗೊತ್ತಿರುವ ದೃಶ್ಯ. ಬೆಳಿಗ್ಗೆ ರೈಟರು ಲೈನ್ ಮನೆಗಳ ಮುಂದೆ ನಿಂತು ಆಳು ಕೂಗುತ್ತಾರೆ. ಲೈನ್ ತುಂಬ ಜನವಿದ್ದ ಕಾಲದಲ್ಲಿ ಸಣ್ಣ ದನಿಯ ಒಂದು ಕೂಗು ಸಾಕಿತ್ತು. ಹತ್ತಾರು ಬಾಗಿಲಿಂದ ‘ಬಂದ್ವಿ’ ಎಂಬ ಉತ್ತರ ಬರುತ್ತಿತ್ತು, ರೈಟರು ಸುಮ್ಮನಾಗುತ್ತಿದ್ದರು. ಬಂದವರಲ್ಲಿ ಗಟ್ಟಿಗರೊಬ್ಬರು ಅಂದಿನ ಕೆಲಸದ ಮುಂದಾಳು.

ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯೇ ಇಲ್ಲಿ ರೈಟರು. ಅದರ ಕೂಗು ಎಫ್‌ಎಸ್‌ಎಚ್ ಎಂಬ ಹಾರ್ಮೋನು. ಅದು ರಕ್ತದಲ್ಲಿ ಅಂಡಾಶಯಕ್ಕೆ ಬಂದು, ಅಲ್ಲಿ ತಿಂಗಳುಗಟ್ಟಲೆ ಮೆಲ್ಲನೆ ಬೆಳೆದು ಕಾದಿರುವ ಕೆಲವು ಅಂಡಗುಳ್ಳೆಗಳನ್ನು ಎಬ್ಬಿಸುತ್ತದೆ. ಎದ್ದ ಗುಳ್ಳೆಗಳು ‘ಬಂದ್ವಿ’ ಎಂದು ಉತ್ತರಿಸುವುದು ಇನ್ಹಿಬಿನ್ ಎಂಬ ಹಾರ್ಮೋನಿನ ಮೂಲಕ. ಅದಕ್ಕೆ ತಡೆಹಾರ್ಮೋನು ಎಂದರೆ ತಪ್ಪಾಗದು. ಅದು ತಲುಪಿದಷ್ಟೂ ಎಫ್‌ಎಸ್‌ಎಚ್ ಇಳಿಯುತ್ತದೆ. ಇಂಥದ್ದೊಂದು ಇರಲೇಬೇಕೆಂದು ಊಹಿಸಿ 1932ರಲ್ಲೇ ಹೆಸರಿಟ್ಟಿದ್ದರು. ಶುದ್ಧರೂಪದಲ್ಲಿ ಕೈಗೆ ಸಿಕ್ಕಿದ್ದು 1985ರಲ್ಲಿ. ಎದ್ದ ಗುಳ್ಳೆಗಳಲ್ಲಿ ಒಂದು ಮುಂದಾಳಾಗಿ ಈಸ್ಟ್ರೋಜನ್ ಸುರಿಸುತ್ತದೆ. ಆಗ ಕೂಗು ಇನ್ನೂ ತಗ್ಗುತ್ತದೆ, ಮಿಕ್ಕ ಗುಳ್ಳೆಗಳು ಸೊರಗುತ್ತವೆ. (ಹೋಲಿಕೆ ಇಲ್ಲಿಗೆ ಸೋಲುತ್ತದೆ. ತೋಟದಲ್ಲಿ ಕೆಲಸ ಸಿಗದವರು ನಾಳೆ ಮತ್ತೆ ಬರುತ್ತಾರೆ, ಸೊರಗಿದ ಗುಳ್ಳೆ ಮತ್ತೆ ಬರುವುದಿಲ್ಲ.)

ಈಗ ಲೈನಿನಲ್ಲಿ ಜನ ಕಡಿಮೆಯಾದರು ಎಂದುಕೊಳ್ಳಿ; ಮಲೆನಾಡಿನ ತೋಟದವರಿಗೆ ಇದನ್ನು ಕಲ್ಪಿಸಿಕೊಳ್ಳುವ ಕಷ್ಟವೂ ಇಲ್ಲ. ರೈಟರು ಕೂಗಿದರೆ ಉತ್ತರ ಎರಡೋ ಮೂರೋ. ಸಾಲದು ಎಂದು ಅವರು ಇನ್ನೂ ಜೋರಾಗಿ ಕೂಗುತ್ತಾರೆ, ನಾಳೆ ಇನ್ನೂ ಬೇಗ ಬಂದು ಕೂಗುತ್ತಾರೆ. ಸಂಧಿಕಾಲದ ಮೊದಲ ಬದಲಾವಣೆ ಇದೇ. ಈಸ್ಟ್ರೋಜನ್ ಇನ್ನೂ ಇಳಿದಿರುವುದಿಲ್ಲ. ತಡೆಹಾರ್ಮೋನು ಇಳಿಯುತ್ತದೆ, ಎಫ್‌ಎಸ್‌ಎಚ್ ಏರುತ್ತದೆ.

ಜೋರು ಕೂಗಿಗೆ ಗುಳ್ಳೆ ಬೇಗ ಏಳುತ್ತದೆ. ಮುಟ್ಟು ಬಂದ ದಿನದಿಂದ ಅಂಡ ಹೊರಬೀಳುವ ದಿನದವರೆಗಿನ ಅವಧಿ ಎರಡು ವಾರವಿದ್ದದ್ದು ಹತ್ತು ದಿನಕ್ಕೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಇಳಿಯುತ್ತದೆ. ಅಂಡ ಬಿದ್ದ ಮೇಲಿನ ಅವಧಿ ಹೆಚ್ಚುಕಡಿಮೆ ಎರಡು ವಾರವೇ. ಕೂಡಿ ನೋಡಿ, 28–29 ದಿನಗಳ ಚಕ್ರ 24–25ಕ್ಕೆ ಬಂದಿರುತ್ತದೆ. ಸರಕು ಕಡಿಮೆಯಾದದ್ದಕ್ಕೇ ಮುಟ್ಟು ಬೇಗ ಬಂತು ಎಂಬ ವಿಚಿತ್ರದ ಅರ್ಧ ಉತ್ತರ ಇಷ್ಟು.

ಕೆಲವು ತಿಂಗಳು ಕೂಗು ಎಷ್ಟು ಜೋರೆಂದರೆ, ಒಂದು ಅಂಡ ಬಿದ್ದು ಅದರ ಪಾಳಿ ಮುಗಿಯುವ ಮೊದಲೇ ಇನ್ನೊಂದು ಗುಳ್ಳೆ ಎದ್ದುಬಿಡುತ್ತದೆ. ಎರಡು ಚಕ್ರಗಳು ಒಂದರ ಮೇಲೊಂದು ಬೀಳುತ್ತವೆ, ಈಸ್ಟ್ರೋಜನ್ ಯೌವನದಲ್ಲಿದ್ದುದಕ್ಕಿಂತ ಮೇಲೇರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2009ರಲ್ಲಿ ಇದನ್ನು ಹಾರ್ಮೋನ್ ಅಳೆದು ತೋರಿಸಿದರು. ‘ಈ ವಯಸ್ಸಿನಲ್ಲಿ ಹಾರ್ಮೋನ್ ಕಮ್ಮಿಯಾಗಿದೆ’ ಎಂದು ಎಲ್ಲರೂ ಹೇಳುವ ಕಾಲದಲ್ಲೇ ಎದೆ ಬಿಗಿದು ನೋಯುವುದು, ಮೈ ಊದಿಕೊಂಡಂತೆ ಅನಿಸುವುದು ಈಸ್ಟ್ರೋಜನ್ ಹೆಚ್ಚಾದದ್ದರಿಂದಲೂ ಇರಬಹುದು. ಇನ್ನು ಕೆಲವು ತಿಂಗಳು ಎಷ್ಟು ಕೂಗಿದರೂ ಯಾರೂ ಏಳುವುದಿಲ್ಲ. ಆಗ ಐವತ್ತು, ಅರವತ್ತು ದಿನಗಳ ಖಾಲಿ. ಏರಿಳಿತದ ಈ ಕಾಲದಲ್ಲೇ ಮೈ ಬಿಸಿಯೇರುವ ಕಾಟವೂ ಬರುವುದು. ಮಿದುಳಿನಲ್ಲಿ ಮೈಶಾಖವನ್ನು ಹಿಡಿದಿಡುವ ಕೇಂದ್ರಕ್ಕೂ ಈಸ್ಟ್ರೋಜನ್‌ಗೂ ನಂಟಿದೆ. ಅದು ಕುಸಿದಾಗ ಹೊರಗೆ ಮಾಗಿಯ ಚಳಿ ಇದ್ದರೂ ಒಳಗೆ ಸೆಖೆ ಎಂಬ ತಪ್ಪು ಸುದ್ದಿ ಹೋಗಿ, ಹೆಂಗಸು ಕಂಬಳಿ ಕಿತ್ತೆಸೆಯುತ್ತಾಳೆ.

ತೋಟ ಹಾಳುಮಾಡುವ ಮಂಗನ ಉಪಕಾರ

ಯಾವ ಹಾರ್ಮೋನು ಯಾವ ಕೆಲಸ ಮಾಡುತ್ತದೆಂದು ಬಿಡಿಸಿ ನೋಡುವ ಕೆಲಸದ ಒಂದು ಪಾಲು ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಎಫ್‌ಎಸ್‌ಎಚ್ ಮತ್ತು ಗುಳ್ಳೆ ಒಡೆಸುವ ಎಲ್‌ಎಚ್ ಹಾರ್ಮೋನುಗಳಿಗೆ ಎದುರಾಗಿ ನಿಲ್ಲುವ ಪ್ರತಿಕಾಯಗಳನ್ನು ಪ್ರಾಣಿಗಳಿಗೆ ಕೊಟ್ಟು, ಒಂದೊಂದೇ ಸಂಕೇತವನ್ನು ಅಡಗಿಸಿ, ಏನು ನಿಲ್ಲುತ್ತದೆಂದು ನೋಡಿದರು. ಅವರು ಬಳಸಿದ್ದು ಬಾನೆಟ್ ಮಕಾಕ್ ಎಂಬ ಮಂಗ. ಕೊಪ್ಪದ ಬಾಳೆ, ಏಲಕ್ಕಿ, ಎಳೆ ಅಡಿಕೆಗೆ ದಾಳಿಯಿಡುವ ಅದೇ ಜಾತಿ! ಅದಕ್ಕೂ ನಾಲ್ಕು ವಾರದ ಆಸುಪಾಸಿನಲ್ಲಿ ಮುಟ್ಟು ಬರುತ್ತದೆ. ನಾಯಿ, ಹಸು, ಇಲಿಗಳಿಗೆ ಇಂಥ ಮುಟ್ಟಿಲ್ಲದಿರುವುದರಿಂದ ಈ ವಿಷಯದಲ್ಲಿ ಮಂಗವೇ ನಮಗೆ ಹತ್ತಿರದ ನೆಂಟ.

ಹಬ್ಬದ ಮಾತ್ರೆ

ಸ್ರಾವ ಯಾಕೆ ಹೆಚ್ಚಾಗುತ್ತದೆ ಎಂಬುದು ಒಗಟಿನ ಇನ್ನರ್ಧ. ಅದಕ್ಕೆ ಉತ್ತರ ಹಲವು ಮನೆಗಳ ದೇವರ ಕೋಣೆಯ ಆಚೆಗಿನ ಗೂಡಿನಲ್ಲೇ ಇದೆ. ಶೃಂಗೇರಿಯ ಶರನ್ನವರಾತ್ರಿಗೆ, ಮನೆಯ ವ್ರತಕ್ಕೆ, ನೆಂಟರ ಮದುವೆಗೆ ‘ಹೊರಗಾಗದೆ’ ಇರಲೆಂದು ಮುಟ್ಟು ಮುಂದೂಡುವ ಮಾತ್ರೆ ತರಿಸುವುದು ಈ ಕಡೆ ಹೊಸದಲ್ಲ. ಆ ಮಾತ್ರೆ ಸಾಮಾನ್ಯವಾಗಿ ನೊರೆಥಿಸ್ಟೆರಾನ್. ನುಂಗುವಷ್ಟು ದಿನ ಮುಟ್ಟಿಲ್ಲ, ಬಿಟ್ಟ ಎರಡು ಮೂರು ದಿನಕ್ಕೆ ಸ್ರಾವ ಶುರು. ಇದನ್ನು ಗಮನಿಸಿದವರು ಮುಟ್ಟಿನ ಗುಟ್ಟನ್ನೇ ಕಂಡಿದ್ದಾರೆ.

ಅಂಡ ಹೊರಬಿದ್ದ ಮೇಲೆ, ಒಡೆದ ಗುಳ್ಳೆ ಹಳದಿ ಬಣ್ಣದ ಗಂಟಾಗಿ ಮಾರ್ಪಟ್ಟು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಗರ್ಭಕೋಶದ ಒಳಪದರವನ್ನು ದಪ್ಪವಾಗಿ ಬೆಳೆಸುವುದು ಈಸ್ಟ್ರೋಜನ್. ಬೆಳೆದದ್ದನ್ನು ತಡೆದು, ಒಪ್ಪವಾಗಿಸಿ, ಹಿಡಿದಿಡುವುದು ಪ್ರೊಜೆಸ್ಟೆರಾನ್. ಬಸುರಾಗದಿದ್ದರೆ ಹಳದಿ ಗಂಟು ಎರಡು ವಾರದಲ್ಲಿ ಬಾಡುತ್ತದೆ, ಪ್ರೊಜೆಸ್ಟೆರಾನ್ ಒಮ್ಮೆಗೇ ಬೀಳುತ್ತದೆ. ಆಗ ಇಡೀ ಪದರ ಏಕಕಾಲಕ್ಕೆ ಕಳಚುತ್ತದೆ, ಅದರ ಬುಡದ ಸುರುಳಿ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ನಾಲ್ಕೈದು ದಿನದಲ್ಲಿ ಸ್ರಾವ ತಾನಾಗಿ ನಿಲ್ಲುತ್ತದೆ. ಹಬ್ಬದ ಮಾತ್ರೆ ಪ್ರೊಜೆಸ್ಟೆರಾನಿನ ಕೆಲಸವನ್ನೇ ಮಾಡುವ ಕೃತಕ ವಸ್ತು. ಅದು ಇರುವ ತನಕ ಪದರ ಕಳಚುವುದಿಲ್ಲ.

ಸಂಧಿಕಾಲದಲ್ಲಿ ಬಹಳ ಸಲ ಗುಳ್ಳೆ ಏಳುತ್ತದೆ, ಈಸ್ಟ್ರೋಜನ್ನೂ ಸುರಿಸುತ್ತದೆ, ಆದರೆ ಒಡೆಯುವುದಿಲ್ಲ. ಒಡೆಯದಿದ್ದರೆ ಹಳದಿ ಗಂಟಿಲ್ಲ, ಗಂಟಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಇಲ್ಲ. ಹಿಡಿತವಿಲ್ಲದ ಪದರ ವಾರಗಟ್ಟಲೆ ಬೆಳೆಯುತ್ತಲೇ ಹೋಗುತ್ತದೆ. ಕೊನೆಗೆ ತನ್ನ ಭಾರಕ್ಕೆ ತಾನೇ ಇಲ್ಲಷ್ಟು ಅಲ್ಲಷ್ಟು ಕಳಚುತ್ತದೆ. ಒಂದು ಕಡೆ ಮುಗಿಯುವಾಗ ಇನ್ನೊಂದು ಕಡೆ ಶುರು. ರಕ್ತನಾಳಗಳು ದುರ್ಬಲ, ಒಟ್ಟಾಗಿ ಬಿಗಿಯುವ ಸೂಚನೆಯೂ ಅವಕ್ಕಿಲ್ಲ. ಹಾಗಾಗಿ ಹತ್ತು ದಿನ, ಹದಿನೈದು ದಿನ ಸ್ರಾವ, ಗಡ್ಡೆ ಗಡ್ಡೆ ರಕ್ತ. ಎರಡು ತಿಂಗಳು ‘ಒಳಗೇ ನಿಂತ ಕೆಟ್ಟ ರಕ್ತ’ ಈಗ ಹೋಗುತ್ತಿದೆ ಎಂಬ ಸಮಾಧಾನ ಹೇಳುವವರುಂಟು. ಒಳಗೆ ಯಾವ ರಕ್ತವೂ ನಿಂತಿರುವುದಿಲ್ಲ. ಬೆಳೆದದ್ದು ಪದರ, ಹೋಗುವುದು ಒಳ್ಳೆಯ ರಕ್ತವೇ. ಗುಳ್ಳೆ ಏಳದೆಯೇ ಹೋದ ತಿಂಗಳುಗಳಲ್ಲಾದರೆ ಪದರವೂ ಬೆಳೆಯದೆ ಬರೀ ಕಲೆಯಷ್ಟೇ ಕಾಣುತ್ತದೆ. ಒಬ್ಬಳೇ ಹೆಂಗಸಿನಲ್ಲಿ ಒಂದು ಸಲ ವಿಪರೀತ, ಇನ್ನೊಂದು ಸಲ ಏನೂ ಇಲ್ಲ ಎಂಬುದಕ್ಕೆ ವಿವರಣೆ ಇಷ್ಟೇ.

ಹಬ್ಬದ ಮಾತ್ರೆ ಈ ವಯಸ್ಸಿನಲ್ಲಿ ಕೈಕೊಡುವುದಕ್ಕೂ ಕಾರಣ ಸಿಕ್ಕಿತು. ಮುಟ್ಟು ಬರುವ ಕೆಲವು ದಿನ ಮುಂಚೆ ಶುರುಮಾಡಬೇಕಾದ ಮಾತ್ರೆ ಅದು, ಬರುವ ದಿನವೇ ಗೊತ್ತಿಲ್ಲದಿದ್ದರೆ? ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಅಪಾಯವೂ ಹೌದು. ಮೆಡಿಕಲ್ ಶಾಪಿಗೆ ಮಗನನ್ನು ಕಳಿಸಿ ತರಿಸುವುದಕ್ಕಿಂತ ಡಾಕ್ಟರನ್ನು ಕೇಳಿ ತೆಗೆದುಕೊಳ್ಳುವುದು ಲೇಸು. ದೇವಿ ಕಾಯಲಾರಳೇ ಎಂದು ನಾನು ಕೇಳಬಹುದು. ಆ ಚರ್ಚೆ ಈ ಪುಸ್ತಕದ್ದಲ್ಲ.

ತಾಯಿ, ಮಗಳು

ಹದಿಮೂರರ ಮಗಳಿಗೂ ನಲವತ್ತಾರರ ತಾಯಿಗೂ ಒಂದೇ ಸೂರಿನಡಿ ಲೆಕ್ಕ ತಪ್ಪಿರುವುದು ಅಪರೂಪವಲ್ಲ. ಟ್ರೆಲೋರ್ ಕಂಡ ಎರಡು ತುದಿಗಳು ಇವೇ. ಮಗಳಲ್ಲಿ ಅಂಡಗುಳ್ಳೆಗಳಿಗೆ ಬರವಿಲ್ಲ. ಅಲ್ಲಿ ಇನ್ನೂ ಪಳಗದಿರುವುದು ಮಿದುಳು: ಈಸ್ಟ್ರೋಜನ್ ಏರಿದ್ದನ್ನು ಗುರುತಿಸಿ, ಗುಳ್ಳೆ ಒಡೆಸುವ ಎಲ್‌ಎಚ್ ಹಾರ್ಮೋನನ್ನು ತಕ್ಕ ಹೊತ್ತಿಗೆ ಬಿಡಲು ಅದು ಇನ್ನೂ ಕಲಿಯಬೇಕು. ತಾಯಿಯಲ್ಲಿ ಗುಳ್ಳೆಗಳೇ ಕಡಿಮೆ, ಉಳಿದವು ಸೊರಗಿವೆ. ಕಾರಣ ಬೇರೆ, ಫಲ ಒಂದೇ: ಅಂಡ ಬೀಳುವುದಿಲ್ಲ, ಪ್ರೊಜೆಸ್ಟೆರಾನ್ ಇಲ್ಲ, ಸ್ರಾವಕ್ಕೆ ಲಗಾಮಿಲ್ಲ. ಮಗಳದ್ದು ಎರಡು ಮೂರು ವರ್ಷದಲ್ಲಿ ಹದಕ್ಕೆ ಬರುತ್ತದೆ. ತಾಯಿಯದ್ದು ನಿಂತೇ ಹದವಾಗಬೇಕು.

ಒಂದು ದಿನದ ರಕ್ತಪರೀಕ್ಷೆ

‘ಹಾರ್ಮೋನ್ ಟೆಸ್ಟ್ ಮಾಡಿಸಿಬಿಡೋಣ’ ಎಂದು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡುವವರಿದ್ದಾರೆ. ಇವತ್ತು ಏರಿ ಮುಂದಿನ ವಾರ ಇಳಿಯುವ ಹಾರ್ಮೋನನ್ನು ಒಂದು ದಿನ ಅಳೆದರೆ ಆ ಒಂದು ದಿನದ ಸುದ್ದಿ ಮಾತ್ರ ಸಿಗುತ್ತದೆ. 45 ದಾಟಿದವರಲ್ಲಿ ಸಂಧಿಕಾಲವನ್ನು ಖಚಿತಪಡಿಸಲು ಎಫ್‌ಎಸ್‌ಎಚ್ ಪರೀಕ್ಷೆ ಬೇಡ ಎಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳುತ್ತದೆ. ದುಡ್ಡು ಖರ್ಚು ಮಾಡಲೇಬೇಕೆಂದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸುವುದು ಮೇಲು. ಥೈರಾಯ್ಡ್ ತೊಂದರೆ ಮುಟ್ಟನ್ನು ಇದೇ ರೀತಿ ಏರುಪೇರು ಮಾಡಬಲ್ಲದು. ಹಿಮೋಗ್ಲೋಬಿನ್ ಮಾತಂತೂ ಹೇಳುವುದೇ ಬೇಡ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ಮಹಿಳೆಯರಲ್ಲಿ ಸುಮಾರು ಅರ್ಧ ಜನಕ್ಕೆ ರಕ್ತಹೀನತೆ ಕಂಡಿತ್ತು. ಅಷ್ಟೇ ರಕ್ತದಲ್ಲಿ ಹದಿನೈದು ದಿನದ ಸ್ರಾವ ತಡೆದುಕೊಂಡು ದಿನವಿಡೀ ಕಾಫಿ ಕುಯ್ಯುವವರಿಗೆ ‘ಸುಸ್ತು’ ಎಂಬುದು ವಯಸ್ಸಿನ ಸಹಜ ಲಕ್ಷಣವೇನಲ್ಲ.

‘ತೆಗೆದುಬಿಡಿ’ ಎನ್ನುವ ಮೊದಲು

ಮಕ್ಕಳಾಗಿ ಮುಗಿಯಿತು, ಇನ್ನು ಗರ್ಭಕೋಶ ಯಾಕೆ, ತೆಗೆದುಬಿಡಿ. ಈ ಮಾತು ಗಂಡನ ಬಾಯಲ್ಲಿ, ಅತ್ತೆಯ ಬಾಯಲ್ಲಿ, ಕೆಲವೊಮ್ಮೆ ವೈದ್ಯರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ನೂರಾರು ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ಎದ್ದು ಸರ್ಕಾರ ತನಿಖೆ ನಡೆಸಬೇಕಾಯಿತು. ಅವರಲ್ಲಿ ಬಹಳ ಜನ ಸಂಧಿಕಾಲಕ್ಕೂ ಬಂದಿರಲಿಲ್ಲ. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ದೇಶದಲ್ಲಿ ಗರ್ಭಕೋಶ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕುಟುಂಬ ಆರೋಗ್ಯ ಸಮೀಕ್ಷೆಗೆ ಕೊಟ್ಟ ಕಾರಣ ಅತಿಸ್ರಾವ ಮತ್ತು ನೋವು.

ಅತಿಸ್ರಾವದ ಹಿಂದೆ ಇರುವುದು ಪ್ರೊಜೆಸ್ಟೆರಾನಿನ ಗೈರುಹಾಜರಿ ಮಾತ್ರ ಎಂದಾದರೆ, ಅದನ್ನೇ ಹೊರಗಿನಿಂದ ಒದಗಿಸುವುದು ನೇರ ದಾರಿ. ಮಾತ್ರೆಯಾಗಿ ಕೊಡಬಹುದು. ಅದೇ ಬಗೆಯ ಹಾರ್ಮೋನನ್ನು ದಿನವೂ ಒಂದಿಷ್ಟು ಜಿನುಗಿಸುವ ಸಣ್ಣ ಸಾಧನವನ್ನು, ಕಾಪರ್-ಟಿ ಹಾಕುವ ಕ್ರಮದಲ್ಲೇ, ಗರ್ಭಕೋಶದೊಳಗೆ ಕೂರಿಸಬಹುದು. ಕೆಲವು ವರ್ಷಕ್ಕೆ ಅದು ಸಾಕು, ಅಷ್ಟರಲ್ಲಿ ಎಷ್ಟೋ ಜನರ ಸಂಧಿಕಾಲವೇ ದಾಟಿರುತ್ತದೆ. ಫೈಬ್ರಾಯ್ಡ್ ಗಡ್ಡೆ ದೊಡ್ಡದಾಗಿ ಬೆಳೆದು ಬೇರೆ ಯಾವುದಕ್ಕೂ ಬಗ್ಗದಿದ್ದರೆ, ಕ್ಯಾನ್ಸರ್ ಇದ್ದರೆ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದನ್ನು ಬೇಡವೆಂದು ಹಟ ಹಿಡಿಯುವುದೂ ತಪ್ಪೇ.

ಹಾಗಾಗಿ ‘ನಿಲ್ಲೋ ಕಾಲ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಚ್ಚಿಹಾಕುವಂತಿಲ್ಲ. ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ಸ್ರಾವ, ವಾರ ದಾಟಿ ನಿಲ್ಲದ ಸ್ರಾವ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ಕಾಣುವ ರಕ್ತ, ಇವು ತಾಲ್ಲೂಕು ಆಸ್ಪತ್ರೆಗೆ ಹೋಗಲೇಬೇಕಾದ ಸಂಗತಿಗಳು. ಹಿಡಿತವಿಲ್ಲದೆ ಬಹುಕಾಲ ಬೆಳೆದ ಪದರ ಕೆಲವರಲ್ಲಿ ಕ್ಯಾನ್ಸರಿನ ಕಡೆಗೆ ತಿರುಗಬಲ್ಲದು. ಆದ್ದರಿಂದಲೇ ವೈದ್ಯರು ಸ್ಕ್ಯಾನ್ ಮಾಡಿಸಿ ಪದರದ ದಪ್ಪ ನೋಡುವುದು, ಬೇಕೆನಿಸಿದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು.

ಮುಟ್ಟು ನಿಂತಿತು ಎಂದು ಯಾವಾಗ ಹೇಳಬಹುದು? ಸತತ ಹನ್ನೆರಡು ತಿಂಗಳು ಕಾಣದಿದ್ದ ಮೇಲೆ. ಹನ್ನೊಂದನೆಯ ತಿಂಗಳಲ್ಲಿ ಕಂಡರೆ ಎಣಿಕೆ ಮತ್ತೆ ಒಂದರಿಂದ. ಅಲ್ಲಿಯವರೆಗೆ ಅಪರೂಪಕ್ಕಾದರೂ ಅಂಡ ಬೀಳುತ್ತಿರುತ್ತದೆ, ಬಸುರಾಗುವ ಸಾಧ್ಯತೆಯೂ ಇರುತ್ತದೆ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಆಪರೇಷನ್’ ಮಾಡಿಸಿಕೊಂಡವರಾದ್ದರಿಂದ ಅವರಿಗೆ ಈ ಚಿಂತೆಯಿಲ್ಲ. ಉಳಿದವರು ಐವತ್ತರೊಳಗೆ ಮುಟ್ಟು ನಿಂತರೆ ಎರಡು ವರ್ಷ, ಐವತ್ತರ ನಂತರ ನಿಂತರೆ ಒಂದು ವರ್ಷ ಎಚ್ಚರಿಕೆ ಮುಂದುವರಿಸಬೇಕು. ಆ ಹನ್ನೆರಡು ತಿಂಗಳು ಮುಗಿದ ಮೇಲೆ ಒಂದು ಹನಿ ಕಂಡರೂ ಅದು ಮುಟ್ಟಲ್ಲ. ‘ಮತ್ತೆ ಶುರುವಾಯ್ತು ನೋಡು’ ಎಂದು ನಕ್ಕು ಸುಮ್ಮನಾಗದೆ ಆ ವಾರವೇ ತೋರಿಸಿಕೊಳ್ಳಬೇಕು, ಮಳೆಗಾಲವಾದರೂ, ಅಡಿಕೆ ಕೊಯ್ಲಿನ ಗಡಿಬಿಡಿಯಾದರೂ.